ಶರಣಪ್ಪನವರ ಎಡ ಪೆಡಲು

ಬೆಂಗಳೂರಿನಿಂದ ಹೊರಟ ರೈಲು ಬೆಳಿಗ್ಗೆ ಏಳರ ಹೊತ್ತಿಗೆ ಯಾದಗಿರಿ ಮುಟ್ಟಿತು. ಇಳಿದವನೇ ಹಿಂದಿನ ಲಗೇಜು ಡಬ್ಬಿಗೆ ಓಡಿದೆ. ಯಾರದೋ ಹೊಲಿಗೆ ಯಂತ್ರ, ನಾಲ್ಕಾರು ಮೂಟೆಗಳ ಹಿಂದಿನಿಂದ ನನ್ನ ಸೈಕಲ್ಲನ್ನು ಎಳೆದು ಪ್ಲಾಟ್‌ಫಾರ್ಮಿಗೆ ಇಳಿಸಿದರು. ಹ್ಯಾಂಡಲ್ಲು ಸ್ವಲ್ಪ ತಿರುಗಿತ್ತು, ಬೆಲ್ಲಿನ ಮೇಲೆ ಒಂದು ಗೀರು ಬಿದ್ದಿತ್ತು. ಹೆಂಡತಿ ಜೊತೆಗಿದ್ದಿದ್ದರೆ, ನನ್ನ ಸೂಟ್‌ಕೇಸು ಕಳೆದುಹೋದಾಗಲೂ ನಿಮ್ಮ ಮುಖ ಇಷ್ಟು ಬಾಡಿರಲಿಲ್ಲ ಎನ್ನುತ್ತಿದ್ದಳು.

ತುಮಕೂರಿನ ಟೆಲಿಫೋನ್ ಕಚೇರಿಯ ಗುಮಾಸ್ತನೊಬ್ಬ ಇಷ್ಟು ದೂರ ಸೈಕಲ್ ಹೊತ್ತು ತರಲು ಕಾರಣ ಸುರಪುರದ ಶರಣಪ್ಪನವರು. ನಾವಿಬ್ಬರೂ ಒಮ್ಮೆಯೂ ಮುಖ ನೋಡಿದವರಲ್ಲ. ಒಂಬತ್ತು ವರ್ಷದ ಹಿಂದೆ, ಹಳೆಯ ಡೈನಮೋ ಒಂದು ಬೇಕಿತ್ತು ಎಂದು ವಾರಪತ್ರಿಕೆಯ ಓದುಗರ ಪುಟಕ್ಕೆ ನಾಲ್ಕು ಸಾಲು ಬರೆದಿದ್ದೆ. ಹದಿನೈದು ದಿನದಲ್ಲಿ ಡೈನಮೋ ಅಂಚೆಯಲ್ಲಿ ಬಂತು. ಬದಲಿಗೆ ಹಿತ್ತಾಳೆಯ ಬೆಲ್ಲು ಕಳಿಸಿದೆ. ಅಲ್ಲಿಂದ ಶುರುವಾಯಿತು. ದುಡ್ಡಿನ ಮಾತಿಲ್ಲ, ಬಂದ ಸಾಮಾನನ್ನು ಗೂಡಿನಲ್ಲಿಡದೆ ಸೈಕಲ್ಲಿಗೆ ಹಾಕಿ ಹೇಗೆ ನಡೆಯುತ್ತದೆಂದು ಬರೆಯಬೇಕು, ಕೊಟ್ಟದ್ದನ್ನು ಯಾರೂ ವಾಪಸ್ ಪಡೆಯುವಂತಿಲ್ಲ. ಇಷ್ಟು ನಮ್ಮ ಕಟ್ಟಳೆ.

ಕಾಗದಗಳಲ್ಲಿ ಸೈಕಲ್ ಬಿಟ್ಟು ಬೇರೆ ಸುದ್ದಿಯೇ ಇರುತ್ತಿರಲಿಲ್ಲ. ಮಡ್‌ಗಾರ್ಡು ಗಡಗಡ ಎಂದರೆ ಹಳೆಯ ಟ್ಯೂಬಿನ ತುಂಡು ಕೊಟ್ಟು ಬಿಗಿಯಿರಿ. ಚರ್ಮದ ಸೀಟಿಗೆ ಎಣ್ಣೆಯನ್ನು ಕೆಳಗಿನಿಂದ ಹಚ್ಚಿ, ಮೇಲೆ ಹಚ್ಚಿದರೆ ಪಂಚೆಯ ಗತಿ ಕೇಳಬೇಡಿ. ಅವರು ಕಾಲುವೆ ಇಲಾಖೆಯವರು, ದಿನವೂ ಏರಿಯ ಮೇಲೆ ಸೈಕಲ್ ತುಳಿದುಕೊಂಡು ಹೋಗಿ ನೀರಿನ ಮಟ್ಟ ನೋಡಿ ಬರುವ ಕೆಲಸ ಎಂಬುದು ಕೂಡ ಟೈರು ಸವೆಯುವ ವಿಚಾರದಲ್ಲಿ ತಿಳಿದದ್ದು. ಕಳೆದ ಒಂದು ವರ್ಷದಿಂದಂತೂ ಅವರ ಕೈ ತುಂಬ ಧಾರಾಳವಾಗಿತ್ತು. ಕ್ಯಾರಿಯರ್, ಚೈನ್ ಕವರ್, ದೊಡ್ಡ ಲೈಟು, ಕೊನೆಗೆ ಸೀಟು ಕೂಡ ಬಂತು. ಬದಲಿಗೆ ಏನೂ ಬೇಡವೆಂದು ಬರೆಯುತ್ತಿದ್ದರು. ಎಲ್ಲವನ್ನೂ ನನ್ನ ಸೈಕಲ್ಲಿಗೆ ಹಾಕಿ, ಅದನ್ನು ಅವರಿಗೆ ತೋರಿಸಲೆಂದೇ ಸಂಕ್ರಾಂತಿ ಮುಗಿದ ವಾರ ರಜೆ ಹಾಕಿ ಹೊರಟೆ.

ಸ್ಟೇಷನ್ ಹೊರಗೆ ಒಂದು ತಟ್ಟೆ ಮಂಡಕ್ಕಿ ಸುಸಲಾ, ಎರಡು ಮಿರ್ಚಿ ಭಜಿ ತಿಂದು ಎಂಟಕ್ಕೆ ಪೆಡಲು ತುಳಿದೆ. ಭೀಮಾ ನದಿಯ ಸೇತುವೆಯ ಮೇಲೆ ಚಳಿಗಾಳಿಗೆ ಕಿವಿ ಕಟ್ಟಿತು. ಆಚೆಗೆ ಕಪ್ಪು ಹೊಲ, ಆಳೆತ್ತರದ ಜೋಳ, ಹತ್ತಿ ತುಂಬಿದ ಲಾರಿಗಳು. ಶಹಾಪುರಕ್ಕೆ ಮೂವತ್ತೈದು ಕಿಲೋಮೀಟರ್ ಎಂದಿದ್ದರು. ಹತ್ತಿರ ಬಂದಂತೆ ಹೊಲದ ಬಣ್ಣವೇ ಬದಲಾಯಿತು. ಕಾಲುವೆಗೆ ನೀರು ಬಂದು ಕೆಲವೇ ವರ್ಷವಾಗಿದ್ದ ಕಡೆ, ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಭತ್ತ ನೆಡುತ್ತಿದ್ದರು. ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡವನ್ನು ನೋಡುತ್ತ ಹನ್ನೊಂದೂವರೆಗೆ ಶಹಾಪುರ ಸೇರಿದೆ.

ಅಲ್ಲಿ ಮಹಿಬೂಬ್‌ಸಾಬರ ಸೈಕಲ್ ಅಂಗಡಿಯನ್ನು ನೋಡದೆ ಮುಂದೆ ಹೋಗುವಂತಿರಲಿಲ್ಲ. ಶರಣಪ್ಪನವರ ಕಾಗದಗಳಲ್ಲಿ ಅವರ ಹೆಸರು ಹೆಜ್ಜೆಹೆಜ್ಜೆಗೆ ಬರುತ್ತಿತ್ತು. ಬೇವಿನ ಮರದ ಕೆಳಗೆ ಕುಳಿತು ರಿಮ್ಮಿನ ಡೊಂಕು ತೆಗೆಯುತ್ತಿದ್ದ ಬಿಳಿ ಗಡ್ಡದ ಮುದುಕರು ತಲೆ ಎತ್ತಿದರು. ನನ್ನನ್ನು ನೋಡಲಿಲ್ಲ, ಸೈಕಲ್ಲನ್ನು ನೋಡಿದರು.

"ಈ ಲೈಟ್ ಶರಣಪ್ಪಂದಲ್ಲೇನ್ರಿ?"

ನನಗೆ ಹಿಗ್ಗೋ ಹಿಗ್ಗು. "ಹೌದು, ನಿಮಗೆ ಹೇಗೆ ಗೊತ್ತಾಯ್ತು?"

"ನಾನೇ ಹಾಕಿದ್ದೆ, ಗೊತ್ತಾಗಂಗಿಲ್ಲೇನು? ಈ ಕ್ಯಾರಿಯರ್ ಮುರದಾಗ ಬೆಸಗಿ ಹಾಕಿಸಿದ್ದೂ ನಾನೇ. ಚೈನ್ ಕವರ್ ಅವಂದೇ. ಸೀಟೂ ಅವಂದೇ." ಒಂದೊಂದನ್ನೂ ಮುಟ್ಟುತ್ತ ಬಂದು ಅವರು ಕೈ ಒರೆಸಿಕೊಂಡರು. "ಅಂದ್ರ ಎಲ್ಲಾ ನಿಮಗ ಕಳಿಸ್ಯಾನ. ನಾ ಎಲ್ಲೋ ಮಾರ್ಯಾನ ಅಂತ ತಿಳಿದಿದ್ದೆ."

"ಅವರ ಸೈಕಲ್ಲಿಗೆ ಹೊಸದು ಹಾಕಿಕೊಂಡಿರಬೇಕು" ಎಂದೆ.

"ಎಲ್ಲಿ ಸೈಕಲ್ರೀ? ಗ್ವಾಡಿಗಿ ಬರೇ ಫ್ರೇಮ್ ನೇತಾಡಕತ್ತದ. ಅವನ ಎಡಗಾಲು ಮಡಚಂಗಿಲ್ಲ. ತುಳಿಯಾಕ ಬರಂಗಿಲ್ಲ ಅವಂಗ."

ಒಂದೂವರೆ ವರ್ಷದ ಹಿಂದೆ ಮಳೆಯಲ್ಲಿ ಏರಿಯ ಮೇಲಿಂದ ಸೈಕಲ್ ಸಮೇತ ಜಾರಿ ಕಲ್ಲಿನ ಮೇಲೆ ಬಿದ್ದಿದ್ದರಂತೆ. ಎಲುಬು ಕೂಡಿತು, ಮೊಣಕಾಲು ಮಾತ್ರ ಅರ್ಧಕ್ಕಿಂತ ಹೆಚ್ಚು ಬಾಗದು. ಈಗ ಕಚೇರಿಯಲ್ಲಿ ಕುರ್ಚಿಯ ಕೆಲಸವಂತೆ.

ನಾನು ಅಲ್ಲಿದ್ದ ಡಬ್ಬದ ಮೇಲೆ ಕುಳಿತುಬಿಟ್ಟೆ. ಬಿದ್ದ ವರ್ಷದ ದೀಪಾವಳಿಯ ಸುಮಾರಿಗೆ ಅವರು ಬರೆದಿದ್ದರು: ಎಡ ಪೆಡಲು ಪೂರ್ತಿ ಸುತ್ತು ಬರುತ್ತಿಲ್ಲ, ಮೇಲೆ ಬಂದು ನಿಂತುಬಿಡುತ್ತದೆ, ಏನು ಮಾಡಲಿ? ನಾನು ಕಾಟರ್ ಪಿನ್ನು, ಬೇರಿಂಗು, ಗುಂಡು, ಗ್ರೀಸು ಎಂದು ಮೂರು ಪುಟ ಉಪದೇಶ ಬರೆದು, ಎರಡು ಚಿತ್ರ ಬಿಡಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಪೆಡಲಿನ ಮೇಲೆ ಒಂದು ಕಾಲು ಇರುತ್ತದೆ, ಆ ಕಾಲಿಗೊಬ್ಬ ಮನುಷ್ಯ ಇರುತ್ತಾನೆ ಎಂಬುದು ಹೊಳೆಯಲೇ ಇಲ್ಲ. ಆ ಮನುಷ್ಯ ತನ್ನ ಸೈಕಲ್ಲನ್ನು ಬಿಚ್ಚಿ ಬಿಚ್ಚಿ ಕಳಿಸಿದ್ದನ್ನೆಲ್ಲ ಏರಿಸಿಕೊಂಡು ಅವರಿಗೇ ತೋರಿಸಲು ಹೊರಟಿದ್ದೆ. ತಿರುಗಿ ಯಾದಗಿರಿಯ ಬಸ್ಸು ಹತ್ತಿಬಿಡೋಣ ಎನ್ನಿಸಿತು.

ಮಹಿಬೂಬ್‌ಸಾಬರು ಚಹಾ ತರಿಸಿದರು. ಆಮೇಲೆ ಒಳಗಿನಿಂದ ಒಂದು ಗಿಡ್ಡ ಕ್ರ್ಯಾಂಕು, ಅಂದರೆ ಪೆಡಲು ಕೂರುವ ಉಕ್ಕಿನ ತೋಳು, ತಂದು ತೋರಿಸಿದರು. ಸಣ್ಣ ಹುಡುಗರ ಸೈಕಲ್ಲಿನದು. "ಎಡಗಡಿ ಇದನ್ನ ಹಾಕಿದ್ರ ಮೊಣಕಾಲು ಅಷ್ಟು ಮ್ಯಾಲ ಏಳಬೇಕಾಗಿಲ್ಲ. ಸಣ್ಣ ಸುತ್ತು, ಕೆಲಸ ನಡೀತದ. ಹತ್ತು ಸಲ ಹೇಳೀನಿ. ಮಂದಿ ಕುಂಟನ ಸೈಕಲ್ ಅಂತಾರ, ಬ್ಯಾಡ ಅಂತಾನ. ಮುಟ್ಟಿ ಸುದ್ದಾ ನೋಡಿಲ್ಲ."

"ನನ್ನದಕ್ಕೆ ಹಾಕಿ" ಎಂದೆ.

ಅವರು ನನ್ನ ಮುಖವನ್ನು ನೋಡಿ, ಅರ್ಥವಾಗಿ, ಗಡ್ಡದೊಳಗೇ ನಕ್ಕರು. ಸೀಮೆಎಣ್ಣೆ ಬಿಟ್ಟು, ಸುತ್ತಿಗೆಯಿಂದ ಪಿನ್ನು ಬಡಿದು ತೆಗೆದು, ಹದಿನೈದು ನಿಮಿಷದಲ್ಲಿ ಬದಲಿಸಿದರು. ನನ್ನ ಉದ್ದದ ಕ್ರ್ಯಾಂಕನ್ನು ಬದಲಿಗೆ ಇಟ್ಟುಕೊಂಡರು.

ಊಟ ಮಾಡಿ ಎರಡಕ್ಕೆ ಹೊರಟೆ. ಸುರಪುರ ಇನ್ನೂ ಇಪ್ಪತ್ತೈದು ಕಿಲೋಮೀಟರ್. ಬಲಗಾಲಿಗೆ ದೊಡ್ಡ ಸುತ್ತು, ಎಡಗಾಲಿಗೆ ಸಣ್ಣ ಸುತ್ತು. ಮೊದಲ ಅರ್ಧ ಗಂಟೆ ನಾನು ಸೈಕಲ್ಲನ್ನು ನಡೆಸುತ್ತಿದ್ದೇನೋ ಅದು ನನ್ನನ್ನು ಕುಣಿಸುತ್ತಿತ್ತೋ ತಿಳಿಯಲಿಲ್ಲ. ಗದ್ದೆಯ ಬದುವಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದ ಹೆಂಗಸರಲ್ಲಿ ಒಬ್ಬಳು, "ಯಣ್ಣಾ, ಕುಣಕೋತ ಎಲ್ಲಿಗಿ ಹೊಂಟೀದಿ?" ಎಂದು ಕೂಗಿದಳು. ಉಳಿದವರೆಲ್ಲ ನಕ್ಕರು. ಏರು ಬಂದಲ್ಲಿ ಇಳಿದು ತಳ್ಳಿದೆ. ಸುರಪುರಕ್ಕೆ ಅಂಟಿಕೊಂಡ, ಶರಣಪ್ಪನವರ ಮನೆಯಿದ್ದ ರಂಗಂಪೇಟೆ ಸೇರುವಾಗ ಬಿಸಿಲು ತಗ್ಗಿತ್ತು.

ಶರಣಪ್ಪನವರು ಮನೆಯ ಕಟ್ಟೆಯ ಮೇಲೆ ಎಡಗಾಲು ಚಾಚಿ ಕುಳಿತಿದ್ದರು. ನಾನು ಯಾರೆಂದು ಹೇಳಬೇಕಾಗಲಿಲ್ಲ. ಅವರ ಕಣ್ಣು ಲೈಟಿನಿಂದ ಕ್ಯಾರಿಯರಿಗೆ, ಸೀಟಿಗೆ, ಚೈನ್ ಕವರಿಗೆ ಹೋಗಿ, ಎಡ ಪೆಡಲಿನ ಮೇಲೆ ನಿಂತಿತು.

"ಈ ಪೆಡಲು ಯಾಕೋ ಸರಿ ಅನ್ನಿಸ್ತಿಲ್ಲ. ನೀವೇ ಒಮ್ಮೆ ತುಳಿದು ನೋಡಿ ಹೇಳಬೇಕು" ಎಂದೆ. ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತು.

"ಮಹಿಬೂಬ ಹಾಕ್ಯಾನ."

"ಹೌದು."

"ಎಲ್ಲಾ ಹೇಳ್ಯಾನ."

"ಹೇಳಿದರು."

ಅವರು ಕೋಲು ಹಿಡಿದು ಎದ್ದು ಒಳಗೆ ಹೋಗಿಬಿಟ್ಟರು. ಅವರ ಹೆಂಡತಿ ನೀಲಮ್ಮನವರು ನೀರಿನ ತಂಬಿಗೆ ತಂದರು. "ಕೂಡ್ರಿ. ಸಿಟ್ಟು ನಿಮ್ಮ ಮ್ಯಾಲಲ್ರೀ, ಕಾಲಿನ ಮ್ಯಾಲ."

ನಾನು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದೆ. ಊಟಕ್ಕೆ ಕುಳಿತಾಗ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಗೋಡೆಯ ಗೂಟಕ್ಕೆ ಒರೆಸಿ ಎಣ್ಣೆ ಹಚ್ಚಿದ ಬರಿ ಫ್ರೇಮು ನೇತಾಡುತ್ತಿತ್ತು. ಅತ್ತ ನೋಡದೆ ತಿನ್ನುತ್ತಿದ್ದೆ. ಎರಡನೆಯ ರೊಟ್ಟಿಗೆ ಶರಣಪ್ಪನವರು ತಟ್ಟೆಯನ್ನೇ ನೋಡುತ್ತ, "ಪಿನ್ನು ಉಲ್ಟಾ ಬಡದಾನ. ನಟ್ಟು ಆಚಿ ಕಡಿ ಬರಬೇಕಿತ್ತು" ಎಂದರು. ನಾನು ಮುಖ ತೊಳೆಯುವಷ್ಟರಲ್ಲಿ ಹೋಗಿ ನೋಡಿ ಬಂದಿದ್ದರು!

ಆಗ ನನಗೆ ಮಾತು ಬಂತು. "ನೀವು ಕಾಗದದಲ್ಲಿ ಬರೆದದ್ದು ನಿಮ್ಮ ಕಾಲಿನ ಸಂಗತಿ ಎಂದು ನನಗೆ ತಿಳಿಯಲಿಲ್ಲ. ಕ್ಷಮಿಸಬೇಕು."

"ನಾನೂ ಬರೀಲಿಲ್ಲಲ್ರೀ. ಕಾಲಿನ ಸುದ್ದಿ ತಿಳಿಸಿದ್ರ ನೀವು ಅಯ್ಯೋ ಅಂತ ಬರೀತಿದ್ರಿ. ಆಮ್ಯಾಲ ಬರೇ ಅಯ್ಯೋ ಅನ್ನೋ ಕಾಗದನೇ ಬರ್ತಿದ್ದವು. ನಿಮ್ಮ ಮೂರು ಪುಟ ಓದಿ ಮೂರು ದಿನ ನಕ್ಕೀನಿ. ಆಸ್ಪತ್ರಿಯಿಂದ ಬಂದ ಮ್ಯಾಲ ನಕ್ಕಿದ್ದು ಅವಾಗೇ."

"ಮತ್ತೆ ಸಾಮಾನು ಯಾಕೆ ಬಿಚ್ಚಿ ಕಳಿಸಿದಿರಿ?"

"ಓಡೋ ಸೈಕಲ್ ಮ್ಯಾಲ ಇರಲಿ ಅಂತ. ಗ್ವಾಡಿಗಿದ್ರ ತುಕ್ಕು ಹಿಡೀತಾವ."

ಈ ಸೈಕಲ್ಲು ಇಲ್ಲಿಯೇ ಇರಲಿ ಎಂದೆ. ಕೊಟ್ಟ ಸಾಮಾನು ವಾಪಸ್ ಮುಟ್ಟುವಂತಿಲ್ಲ ಎಂದು ಅವರು ಕಟ್ಟಳೆ ಎತ್ತಿದರು. "ನಿಮ್ಮ ಸಾಮಾನು ಯಾರು ವಾಪಸ್ ಕೊಟ್ಟರು? ನಾನು ನನ್ನ ಸೈಕಲ್ ಕೊಡುತ್ತಿದ್ದೇನೆ. ಬದಲಿಗೆ ಆ ಫ್ರೇಮು ಕೊಡಿ" ಎಂದೆ. ನೀಲಮ್ಮನವರು ಎದ್ದು ಗೂಟದಿಂದ ಫ್ರೇಮನ್ನು ಇಳಿಸಿ ನನ್ನ ಚೀಲದ ಪಕ್ಕಕ್ಕೆ ಒರಗಿಸಿಟ್ಟರು.

ಬೆಳಿಗ್ಗೆ ಏಳಕ್ಕೆ ಮೂವರೂ ಊರ ಹೊರಗಿನ ಕಾಲುವೆ ಏರಿಗೆ ಹೋದೆವು. ನೀರಿನ ಮೇಲೆ ತೆಳುವಾಗಿ ಮಂಜಿತ್ತು. ಶರಣಪ್ಪನವರು ಹ್ಯಾಂಡಲ್ಲು ಹಿಡಿದು ನಿಂತೇ ಇದ್ದರು.

"ಬಿದ್ದರ?"

"ಬಿದ್ದರ ನಾ ಅದೀನಿ" ಎಂದರು ನೀಲಮ್ಮನವರು. "ಆ ಸಲ ಒಬ್ರೇ ಬಿದ್ದಿದ್ರಿ."

ಮೊದಲ ಸಲ ಬಲಗಾಲು ಎತ್ತಿ ಹಾಕುವಾಗ ಸೈಕಲ್ಲು ವಾಲಿ, ನಾನು ಕ್ಯಾರಿಯರ್ ಹಿಡಿದುಕೊಂಡೆ. ಎರಡನೆಯ ಸಲ ನಾನು ಹಿಡಿದುಕೊಂಡೇ ಓಡಿದೆ. "ಬಿಡ್ರಿ!" ಎಂದರು. ಬಿಟ್ಟೆ. ಹತ್ತು ಮಾರು ಅತ್ತಿತ್ತ ತೂಗಾಡಿದರು. ಎಡ ಮೊಣಕಾಲು ಸ್ವಲ್ಪವೇ ಎದ್ದು, ನಿಲ್ಲದೆ, ಇಳಿಯಿತು. ಮತ್ತೆ ಎದ್ದಿತು, ಇಳಿಯಿತು. "ಸೀಟು ಅರ್ಧ ಇಂಚು ಮ್ಯಾಲ ಬೇಕ್ರೀ!" ಎಂದು ತಿರುಗದೆಯೇ ಕೂಗಿದರು. ಅಷ್ಟು ಗಟ್ಟಿ ಮಾತಿನ ನೀಲಮ್ಮನವರು ಸೆರಗು ಮುಖಕ್ಕೆ ಹಿಡಿದು ನೆಲದ ಮೇಲೆ ಕುಳಿತುಬಿಟ್ಟರು. ನಾನು ನೀರಿನ ಕಡೆ ಮುಖ ಮಾಡಿ ನಿಂತೆ.

ಅವರು ಮುಂದಿನ ಸೇತುವೆ ದಾಟಿ ಆಚೆ ದಂಡೆಯಲ್ಲಿ ಬಂದರು, ಕೈಯೆತ್ತದೆ ನಮ್ಮೆದುರೇ ಹಾದುಹೋದರು, ಮತ್ತೆ ಬಂದರು. ಹೀಗೇ ಗಂಟೆ ಒಂಬತ್ತಾಯಿತು. ನನ್ನ ಬಸ್ಸು ಹತ್ತಕ್ಕೆ.

"ಅವ್ರು ಹೊಂಟಾರ, ಇಳೀರಿ!" ಎಂದು ನೀಲಮ್ಮನವರು ಕಾಲುವೆಯಾಚೆಗೆ ಕೂಗಿದರು.

"ಇಳದ್ರ ಮತ್ತ ಹತ್ತಾಕ ಬರ್ತದೋ ಇಲ್ಲೋ! ಅಂಜಿಕಿ ಬರ್ತದ! ಹೋಗಿ ಬರ್ರಿ, ಕಾಗದ ಹಾಕ್ರಿ!" ಎನ್ನುತ್ತಲೇ ಅವರು ಮುಂದೆ ಹೋದರು.

ನೀಲಮ್ಮನವರು ಬುತ್ತಿ ಕಟ್ಟಿಕೊಟ್ಟು ಬಸ್ ನಿಲ್ದಾಣದವರೆಗೂ ಬಂದರು. ಕಂಡಕ್ಟರ್ ಗೊಣಗಿಕೊಂಡು ಫ್ರೇಮನ್ನು ಮೇಲೆ ಕಟ್ಟಿಸಿದ. ಊರು ದಾಟಿದ ಮೇಲೆ ಕಾಲುವೆಯ ಸೇತುವೆ ಬಂದಾಗ ಕಿಟಕಿಯಿಂದ ಹೊರಗೆ ಬಾಗಿ ನೋಡಿದೆ. ದೂರದಲ್ಲಿ ಏರಿಯ ಮೇಲೆ ಶರಣಪ್ಪನವರು ಸೈಕಲ್ಲಿನಿಂದ ಇಳಿದು ನಿಂತಿದ್ದರು. ಸುತ್ತ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಹ್ಯಾಂಡಲ್ಲು ಹಿಡಿದು ನಿಂತರು. ಆಮೇಲೆ ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಸಲ ಒದ್ದು, ತಾವೇ ಹತ್ತಿದರು.