ಭಾನುವಾರದ ಅಡುಗೆಮನೆ

"ಮಿಕ್ಸಿ ಒಳಗಿಡಿ ಅಮ್ಮ, ಗುಂಪು ಬಂದ್ಬುಡ್ತು" ಎನ್ನುತ್ತಲೇ ಅವರು ನಮ್ಮ ಮನೆಯೊಳಕ್ಕೆ ಕಾಲಿಡುತ್ತಿದ್ದರು. ಭಾನುವಾರ ಬೆಳಿಗ್ಗೆ ಮೈಸೂರಿನ ಹಳೇ ಬೀದಿಗಳನ್ನು ತೋರಿಸುವ ಪಾರಂಪರಿಕ ನಡಿಗೆಯ ಗೈಡ್ ಅವರು. ಆ ನಡಿಗೆ ಮುಗಿಯುತ್ತಿದ್ದುದು ನಮ್ಮ ಹೆಂಚಿನ ಮನೆಯ ಅಡುಗೆಮನೆಯಲ್ಲಿ. ಗ್ಯಾಸ್ ಸಿಲಿಂಡರಿಗೆ ತಮ್ಮ ಶಲ್ಯವನ್ನೇ ಹೊದಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲೆ ನಮ್ಮತ್ತೆಯನ್ನು ರುಬ್ಬುವ ಕಲ್ಲಿನ ಮುಂದೆ ಕೂರಿಸುತ್ತಿದ್ದರು. ಮನೆಗೆ ಬಂದವರಿಗೆ ಆಗಲ್ಲ ಅನ್ನುವುದು ಅತ್ತೆಗೆ ಬಾರದು.

ಆ ಕಲ್ಲೂ ನಮ್ಮದಲ್ಲ. ಬೋಗಾದಿಯಲ್ಲಿ ಯಾರೋ ಮನೆ ಕೆಡವಿ ಬಿಸಾಕಿದ್ದನ್ನು ಅವರೇ ಆಟೋದಲ್ಲಿ ತಂದು ಇಟ್ಟಿದ್ದರು. "ಈ ಮನೆಯ ನಾಲ್ಕು ತಲೆಮಾರಿನ ಕಲ್ಲು" ಎಂದು ಗುಂಪಿಗೆ ಹೇಳುವಾಗ ಅವರ ದನಿ ಗದ್ಗದವಾಗುತ್ತಿತ್ತು.

ಒಮ್ಮೆ ಗುಂಪಿನಲ್ಲಿದ್ದ ಹುಡುಗಿಯೊಬ್ಬಳು, "ಅಜ್ಜಿ, ಕೈ ನೋಯಲ್ವಾ?" ಎಂದು ಕೇಳಿದಳು. ಅತ್ತೆಯ ಮಣಿಕಟ್ಟು ಊದಿಕೊಂಡಿತ್ತು. ಅತ್ತೆ ಬಾಯಿ ತೆರೆಯುವ ಮೊದಲೇ ಗೈಡ್ ನಕ್ಕರು: "ಆ ಕಾಲದವ್ರಿಗೆ ನೋವು ಅಂದ್ರೇನು ಅಂತಾನೇ ಗೊತ್ತಿಲ್ಲ ಕಣಮ್ಮ."

ಅತ್ತೆ ತಲೆ ತಗ್ಗಿಸಿ ಗುಂಡು ತಿರುಗಿಸಿದರು. ನಾನು ಬಾಗಿಲ ಹಿಂದೆ ಮಿಕ್ಸಿ ಹಿಡಿದುಕೊಂಡು ನಿಂತಿದ್ದೆ.

ಅತ್ತೆ ತೀರಿಕೊಂಡಾಗ ತಿಥಿ ಊಟಕ್ಕೆ ಗೈಡ್ ಕೂಡ ಬಂದರು. ಅತ್ತೆಯ ಫೋಟೋಗೆ ಹೂವಿಟ್ಟು ಕಣ್ಣೊರೆಸಿಕೊಂಡರು. ಊಟ ಮುಗಿಸಿ ಹೊರಡುವಾಗ ನನ್ನೆದುರು ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ತಲೆಗೆ ಬಣ್ಣ ಹಚ್ಚೋದು ನಿಲ್ಲಿಸ್ಬುಡಿ ಅಮ್ಮ. ದಸರಾ ಗುಂಪು ಬರೋ ಹೊತ್ಗೆ ಸರಿಹೋಗುತ್ತೆ."