ಮಗ್ಗಕ್ಕೆ ಬೇಡವಾದ ತಂತಿ

ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ನಾನು ಹದಿನೆಂಟು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ವೋಲ್ಟೇಜ್, ಕರೆಂಟ್ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ. ಆದರೆ ಬೆಟಗೇರಿಯ ನಮ್ಮ ಮನೆಯಲ್ಲಿ ಒಂದು ಬಲ್ಬು ಹೋದರೂ ಬದಲಿಸಲು ಗಂಡನನ್ನು ಕರೆಯುತ್ತಿದ್ದೆ. ಸ್ವಿಚ್ ಬೋರ್ಡಿನ ಒಂದು ಸ್ಕ್ರೂವನ್ನೂ ಬಿಚ್ಚಿದವಳಲ್ಲ. ಎರಡು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ ಇದೆಲ್ಲ ಬದಲಾಯಿತು. ಶುರು ಮಾಡಿದವರು ಎಪ್ಪತ್ತು ದಾಟಿದ ನಮ್ಮ ಅತ್ತೆ.

ಆ ಬೇಸಿಗೆಯಲ್ಲಿ ನಮ್ಮ ಮನೆಯ ಕರೆಂಟಿಗೆ ಏನೋ ಆಗಿತ್ತು. ಟಿವಿಯ ಸೆಟ್‌ಟಾಪ್ ಬಾಕ್ಸ್ ಸುಟ್ಟಿತು, ಹೊಸದು ತಂದರೆ ಅದೂ ಸುಟ್ಟಿತು. ಮೊಬೈಲ್ ಚಾರ್ಜರ್ ಒಂದು ಠಪ್ ಎಂದು ಸತ್ತಿತು. ಅಡುಗೆಮನೆಯ ಫ್ಯಾನು ಒಮ್ಮೊಮ್ಮೆ ಎಣಿಸುವಷ್ಟು ನಿಧಾನ ತಿರುಗುತ್ತಿತ್ತು. ಓಣಿಯ ವೈರ್‌ಮನ್ ಬಂದು ನೋಡಿ, "ಲೈನ್‌ದಾಗಿಂದ ಹಂಗ ಬರಾಕತ್ತೈತಿ ಅಕ್ಕೋರ, ಸ್ಟೆಬಿಲೈಜರ್ ಹಚ್ಚಿಬಿಡ್ರಿ" ಎಂದು ಹೋದ. ಆದರೆ ಅಕ್ಕಪಕ್ಕದ ಮನೆಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಒಂದು ಮುಂಜಾನೆ ನಾನು ಚಟ್ನಿಗೆ ಮಿಕ್ಸರ್ ಹಾಕಿದ್ದೆ. ಪಡಸಾಲೆಯಲ್ಲಿ ದೇವರ ಮುಂದೆ ಕುಳಿತಿದ್ದ ಅತ್ತೆ ಕೂಗಿದರು.

"ಏ ಇಲ್ಲಿ ಬಾರವಾ. ನೀ ಮಿಕ್ಸರ್ ಹಚ್ಚಿದಾಗೆಲ್ಲ ದೇವರ ದೀಪ ಜೋರ್ ಆಗ್ತೈತಿ ನೋಡು."

ದೇವರ ಜಗಲಿಯ ಮೇಲೆ ಹಳೆಯ ಕಾಲದ ಒಂದು ಸಣ್ಣ ಕೆಂಪು ಬಲ್ಬಿತ್ತು, ಒಳಗೆ ತಂತಿ ಕಾಯ್ದು ಉರಿಯುವಂಥದ್ದು. ಮನೆಯ ಉಳಿದ ದೀಪಗಳೆಲ್ಲ ಎಲ್ಇಡಿ. ವೋಲ್ಟೇಜ್ ಹೆಚ್ಚುಕಡಿಮೆಯಾದರೂ ಅವು ಒಂದೇ ಸಮನೆ ಬೆಳಗುತ್ತವೆ, ಗುಟ್ಟು ಬಿಟ್ಟುಕೊಡುವುದಿಲ್ಲ.

"ಡಿಮ್ ಆಗಬೇಕಲ್ರೀ ಅತ್ತಿ, ಜೋರ್ ಹೆಂಗ ಆಗ್ತೈತಿ?" ಎಂದೆ.

"ಅದು ನನಗೇನ್ ಗೊತ್ತು? ಸಾಲಿ ಕಲಿಸಾಕಿ ನೀನು. ನಾ ಕಂಡಿದ್ದ ಹೇಳಿದೆ."

ನಾನು ಮಿಕ್ಸರ್ ಬಂದ್ ಮಾಡಿ ಬಂದು ನಿಂತೆ. ಅತ್ತೆ ತಾವೇ ಅಡುಗೆಮನೆಗೆ ಹೋಗಿ ಹಚ್ಚಿದರು. ಬಲ್ಬು ಹಣ್ಣಾದ ಮೆಣಸಿನಕಾಯಿಯ ಬಣ್ಣದಿಂದ ಕಿತ್ತಳೆಗೆ ತಿರುಗಿ ಭಗ್ಗನೆ ಬೆಳಗಿತು. ನಿಲ್ಲಿಸಿದರು, ತಣ್ಣಗಾಯಿತು. ಮತ್ತೆ ಹಚ್ಚಿದರು, ಮತ್ತೆ ಬೆಳಗಿತು. ಒಂದು ಮನೆಯಲ್ಲಿ ಭಾರ ಹೆಚ್ಚಾದರೆ ವೋಲ್ಟೇಜ್ ಇಳಿಯಬೇಕು. ಇಲ್ಲಿ ಏರುತ್ತಿತ್ತು. ಹದಿನಾರು ವರ್ಷ ನಾನು ಕಲಿಸಿದ ಪಾಠದಲ್ಲಿ ಇದಕ್ಕೆ ಉತ್ತರ ಇರಲೇಬೇಕು ಅನ್ನಿಸಿತು.

ಚಟ್ನಿ ಅಲ್ಲಿಗೇ ಬಿಟ್ಟು ಗದಗಿಗೆ ಹೋಗಿ ಒಂದು ಮಲ್ಟಿಮೀಟರ್ ತಂದೆ. ವೋಲ್ಟೇಜ್ ಅಳೆದು ಅಂಕಿಯಲ್ಲಿ ತೋರಿಸುವ ಅಂಗೈಯಗಲದ ಯಂತ್ರ. ಮನೆಯಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಂಡು, ಮಣೆಯ ಮೇಲೆ ನಿಂತು, ಅದರ ಎರಡು ಕಡ್ಡಿಗಳನ್ನು ಪಡಸಾಲೆಯ ಪ್ಲಗ್ಗಿನೊಳಗೆ ತೂರಿಸಿದೆ. ಅತ್ತೆ ಮಿಕ್ಸರಿನ ಹತ್ತಿರ, ನಾನು ಪ್ಲಗ್ಗಿನ ಹತ್ತಿರ. "ಹಚ್ರಿ" ಅಂದರೆ ಹಚ್ಚುವರು, "ಬಂದ್ ಮಾಡ್ರಿ" ಅಂದರೆ ನಿಲ್ಲಿಸುವರು. ಹೀಗೆ ಒಂದೊಂದೇ ಕೋಣೆಯಲ್ಲಿ ಅಳೆದು ಹಳೆಯ ಉತ್ತರಪತ್ರಿಕೆಯ ಹಿಂದೆ ಬರೆದುಕೊಂಡೆ. ಮಿಕ್ಸರ್ ನಿಂತಾಗ ಎಲ್ಲ ಕೋಣೆಯಲ್ಲೂ ಇನ್ನೂರಾ ಮೂವತ್ತರ ಆಸುಪಾಸು. ತಿರುಗುವಾಗ ಅಡುಗೆಮನೆಯಲ್ಲಿ ನೂರಾ ಎಪ್ಪತ್ತೊಂದು, ಪಡಸಾಲೆಯಲ್ಲಿ ಇನ್ನೂರಾ ಅರವತ್ತನಾಲ್ಕು, ಮಲಗುವ ಕೋಣೆಯಲ್ಲಿ ಇನ್ನೂರಾ ಅರವತ್ತೆರಡು.

ಒಂದು ಇಳಿದರೆ ಎರಡು ಏರುತ್ತಿದ್ದವು.

ನಮ್ಮದು ನೇಕಾರರ ಮನೆ. ಹಿಂದಿನ ಕೋಣೆಯಲ್ಲಿ ಎರಡು ಪವರ್‌ಲೂಮುಗಳಿವೆ, ನನ್ನ ಗಂಡ ಸೀರೆ ನೇಯಿಸುತ್ತಾರೆ. ಅದಕ್ಕಾಗಿಯೇ ಮನೆಗೆ ಮೂರು ಫೇಸಿನ ಕರೆಂಟು ಬಂದಿದೆ. ಮೂರು ಫೇಸೆಂದರೆ ಕರೆಂಟು ತರುವ ಮೂರು ತಂತಿ. ಅವು ಮೂರಕ್ಕೂ ಸೇರಿ ಮರಳಿ ಹೋಗುವ ತಂತಿ ಒಂದು, ಅದು ನ್ಯೂಟ್ರಲ್. ಅಡುಗೆಮನೆ ಒಂದು ಫೇಸಿನ ಮೇಲೆ, ಪಡಸಾಲೆ ಇನ್ನೊಂದರ ಮೇಲೆ, ಮಲಗುವ ಕೋಣೆ ಮೂರನೆಯದರ ಮೇಲೆ ಇದ್ದವು.

ಊಟಕ್ಕೆ ಬಂದ ನಮ್ಮ ಮನೆಯವರು ನನ್ನ ಅಂಕಿಗಳನ್ನು ನೋಡಿ ತಲೆಯಾಡಿಸಿದರು. "ಲೈನ್ ಕೆಟ್ಟಿತ್ತಂದ್ರ ಮಗ್ಗ ಮೊದಲ ನಿಂದರ್ತಿದ್ವು. ಅವು ಬರೋಬರಿ ನಡ್ಯಾಕತ್ತಾವು."

ನಾನು ಬಾಯಿಗೆ ಹಾಕಿದ ತುತ್ತು ನುಂಗದೆ ಕುಳಿತೆ. ಮಗ್ಗದ ಮೋಟಾರಿಗೆ ಮೂರೂ ಫೇಸು ಬೇಕು. ಬೇಡವಾದದ್ದು ಒಂದೇ, ನ್ಯೂಟ್ರಲ್. ಮಗ್ಗಗಳಿಗೆ ಏನೂ ಆಗದೆ ಮನೆಯ ಸಾಮಾನಷ್ಟೇ ಸುಡುತ್ತಿದ್ದರೆ ಕೆಟ್ಟಿರುವುದು ಮಗ್ಗಕ್ಕೆ ಬೇಡವಾದ ಆ ತಂತಿಯೇ.

"ನ್ಯೂಟ್ರಲ್ ಸಡ್ಲಾಗೇತಿ" ಎಂದೆ. ಎಷ್ಟು ಜೋರಾಗಿ ಹೇಳಿದೆನೋ, ಅತ್ತೆ ಒಳಗಿನಿಂದ ಬಂದರು.

ಅವರಿಗೆ ಹೇಗೆ ತಿಳಿಸುವುದೆಂದು ಯೋಚಿಸಿ, ಮೂರು ಹಗ್ಗಗಳನ್ನು ನಡುವೆ ಗಂಟು ಹಾಕಿ ಗೂಟಕ್ಕೆ ಬಿಗಿದು ಮೂರು ಕಡೆಯಿಂದ ಮೂವರು ಎಳೆದಂತೆ ಎಂದೆ. ಗೂಟ ಗಟ್ಟಿಯಾಗಿದ್ದರೆ ಗಂಟು ನಡುವೆಯೇ ಇರುತ್ತದೆ. ಗೂಟ ಅಲ್ಲಾಡಿದರೆ ಯಾರು ಜೋರಾಗಿ ಎಳೆಯುತ್ತಾರೋ ಅವರ ಕಡೆ ಗಂಟು ಜರುಗುತ್ತದೆ. ಅವರ ಹಗ್ಗ ಗಿಡ್ಡವಾಗುತ್ತದೆ, ಉಳಿದ ಎರಡು ಉದ್ದವಾಗುತ್ತವೆ. ಮಿಕ್ಸರ್ ಜೋರಾಗಿ ಎಳೆಯುವವನು. ಹಗ್ಗದ ಉದ್ದವೇ ವೋಲ್ಟೇಜ್.

ಅತ್ತೆ, "ಅಂದ್ರ ಗೂಟ ಎಲ್ಲೈತಿ ಹುಡುಕ್ರಲ್ಲ ಮತ್ತ" ಎಂದರು.

ಗೂಟ ಮೀಟರ್ ಬೋರ್ಡಿನಲ್ಲಿರಬೇಕಿತ್ತು. ಅದನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ, ಮುಟ್ಟಲೂಬಾರದು. ಕರೆಂಟ್ ಆಫೀಸಿನ ಲೈನ್‌ಮನ್‌ಗೆ ಫೋನ್ ಮಾಡಿದೆವು. ನಾಲ್ಕರ ಹೊತ್ತಿಗೆ ಬಂದು ಕಂಬದ ಮೇಲೆಯೇ ಕರೆಂಟು ಕಡಿದು ಬೋರ್ಡು ಬಿಚ್ಚಿದರು. ಫೇಸಿನ ತಂತಿಗಳು ಮೂರೂ ಹೊಳೆಯುತ್ತಿದ್ದವು. ನ್ಯೂಟ್ರಲ್ ಕೂಡುವ ಹಿತ್ತಾಳೆಯ ಪಟ್ಟಿ ಕಪ್ಪಾಗಿತ್ತು, ತಂತಿಯ ಪ್ಲಾಸ್ಟಿಕ್ ಕರಗಿ ಗುಳ್ಳೆ ಎದ್ದಿತ್ತು. ಲೈನ್‌ಮನ್ ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿದರೆ ತಂತಿ ಕೈಗೇ ಬಂತು.

"ಇದು ಪೂರಾ ಬಿಚ್ಚಿತ್ತಂದ್ರ ಮನ್ಯಾಗಿನ ಸಾಮಾನ ಒಂದೂ ಉಳೀತಿದ್ದಿಲ್ಲ ಅಕ್ಕೋರ. ಯಾರು ಹಿಡದ್ರಿ ಇದನ್ನ?"

"ನಮ್ಮ ಅತ್ತಿ" ಎಂದೆ. ಅತ್ತೆ ಸೆರಗು ಸರಿಪಡಿಸಿಕೊಂಡು, ಚಹಾ ಮಾಡುತ್ತೇನೆಂದು ಒಳಗೆ ಹೋದರು.

ಲೈನ್‌ಮನ್ ಸುಟ್ಟ ತುದಿ ಕತ್ತರಿಸಿ, ಹೊಸ ಪಟ್ಟಿ ಹಾಕಿ ಬಿಗಿದರು. ಕರೆಂಟು ಬಂದ ಮೇಲೆ ಮಿಕ್ಸರ್ ಹಚ್ಚಿ ಅಳೆದೆ. ಅಡುಗೆಮನೆ ಇನ್ನೂರಾ ಇಪ್ಪತ್ತೆಂಟು, ಪಡಸಾಲೆ ಇನ್ನೂರಾ ಮೂವತ್ತೊಂದು. ಆ ಎರಡು ಅಂಕಿಗಳನ್ನು ನೋಡಿ ನನಗಾದ ಸಂತೋಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಆಗಿರಲಿಲ್ಲ. ಮಲ್ಟಿಮೀಟರ್ ಹಿಡಿದು ಮನೆಯ ಎಲ್ಲ ಪ್ಲಗ್ಗುಗಳನ್ನೂ ಸುತ್ತಿಬಂದೆ. ಆಮೇಲೆ ಪಕ್ಕದ ಮನೆಗೂ ಹೋದೆ. ಅವರು ಬೇಡ ಅನ್ನಲಿಲ್ಲ.

ಸುದ್ದಿ ಶಿರಹಟ್ಟಿಗೆ ಮುಟ್ಟಿತು. ಅಲ್ಲಿ ನನ್ನ ನಾದಿನಿ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿಸುತ್ತಾಳೆ. ಹಿಟ್ಟು ನಾದುವುದಕ್ಕೂ ಒತ್ತುವುದಕ್ಕೂ ಯಂತ್ರಗಳಿವೆ. ಮೇ ಮೂರನೆಯ ವಾರ ಅವಳ ಫೋನ್ ಬಂತು.

"ವೈನಿ, ಜಲ್ದಿ ಬರ್ರಿ. ಇಲ್ಲೇ ಪಕ್ಕದ ಮಾಗಡಿ ಮದವಿಗೆ ಸಾವಿರ ರೊಟ್ಟಿ ಕೊಡಬೇಕು, ಇವತ್ತ ದಿನಾ ಪೂರ್ತಿ ಕರೆಂಟ್ ತಗದಾರ. ಜನರೇಟರ್ ಚಾಲೂ ಆಗೇತಿ, ಆದ್ರ ಕರೆಂಟ್ ಕೊಡವಲ್ದು."

ಮಗಳ ಮನೆ ಎಂದ ಮೇಲೆ ಅತ್ತೆಯೂ ಹೊರಟರು. ಬಸ್ಸಿನಿಂದಿಳಿದು ಹೋಗುವಷ್ಟರಲ್ಲಿ ಹನ್ನೊಂದಾಗಿತ್ತು. ಜನರೇಟರ್ ಗುಡುಗುಡು ಸದ್ದು ಮಾಡುತ್ತ ಚೆನ್ನಾಗಿಯೇ ತಿರುಗುತ್ತಿತ್ತು. ಅಳೆದರೆ ಎರಡು ವೋಲ್ಟೂ ಇರಲಿಲ್ಲ. ಒಂದೂವರೆ ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲವಂತೆ.

ಇಲ್ಲಿ ನನಗೆ ಏನೂ ಹೊಳೆಯಲಿಲ್ಲ. ಮುಂಡರಗಿಯಲ್ಲಿ ನಮ್ಮ ಮಗ್ಗದ ಮೋಟಾರುಗಳಿಗೆ ಮಾವನವರ ಕಾಲದಿಂದಲೂ ತಂತಿ ಸುತ್ತಿಕೊಡುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಕಾಕಾ ಎನ್ನುತ್ತೇವೆ. ಅವರಿಗೆ ಫೋನ್ ಹಚ್ಚಿದೆ. ಅವರು ಕೇಳಿದ್ದು ಎರಡೇ ಮಾತು: ಎಷ್ಟು ದಿನ ಸುಮ್ಮನೆ ನಿಂತಿತ್ತು, ಮೀಟರ್ ಎಷ್ಟು ತೋರಿಸುತ್ತದೆ.

"ಅದರ ಕಬ್ಬಣದಾಗ ಒಂಚೂರು ಅಯಸ್ಕಾಂತದ ಗುಣ ಉಳದಿರ್ತೈತಿ ತಂಗಿ. ಅದರ ಮ್ಯಾಲ ಕರೆಂಟ್ ಹುಟ್ಟೋದು. ಸುಮ್ನ ನಿಂತು ನಿಂತು ಅದು ಹಾರಿ ಹೋಗೇತಿ. ಬ್ಯಾಟರಿ ಹಚ್ಚಿ ಮತ್ತ ತುಂಬಬೇಕು. ಹೆದರಬ್ಯಾಡ್ರಿ, ನಾ ಹೇಳ್ತೀನಿ."

ಉಳಿದ ಅಯಸ್ಕಾಂತತೆ. ಮೊಳೆಗೆ ಅಯಸ್ಕಾಂತ ತಿಕ್ಕಿ ಗುಂಡುಪಿನ್ನು ಎತ್ತಿ ತೋರಿಸುತ್ತ ವರ್ಷವೂ ನಾನು ಮಾಡುವ ಪಾಠ. ಅದು ಜನರೇಟರಿನ ಈ ಹಸಿರು ಪೆಟ್ಟಿಗೆಯ ಹೊಟ್ಟೆಯಲ್ಲಿ ಕುಳಿತಿರುತ್ತದೆಂದು ಹದಿನಾರು ವರ್ಷ ನನಗೆ ಹೊಳೆದಿರಲಿಲ್ಲ.

ಕಾಕಾ ವಿಡಿಯೊ ಕಾಲಿಗೆ ಬಂದರು. ಅತ್ತೆ ಫೋನ್ ಹಿಡಿದು ನಿಂತರು. ಕಾಕಾ ಮೊದಲು ಇಂಜಿನ್ ಬಂದ್ ಮಾಡಿಸಿದರು. ವೋಲ್ಟೇಜನ್ನು ಹದದಲ್ಲಿಡುವ ಸಣ್ಣ ಪೆಟ್ಟಿಗೆಯಿಂದ ಎರಡು ತಂತಿ ಬಿಚ್ಚಿಸಿದರು. ಕೆಂಪು ಪ್ಲಸ್, ಕಪ್ಪು ಮೈನಸ್ ಎಂದರು. ಜನರೇಟರಿನದೇ ಬ್ಯಾಟರಿಯಿಂದ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ತಾಗಿಸಿ ಮೂರು ಎಣಿಸಿ ತೆಗೆಯಬೇಕು. ತಾಗಿಸಿದೆ, ಸಣ್ಣ ಕಿಡಿ ಹಾರಿತು, ಎಣಿಸಿದೆ, ತೆಗೆದೆ. ತಂತಿಗಳನ್ನು ಮೊದಲಿನಂತೆ ಸೇರಿಸಿ ಇಂಜಿನ್ ಹಚ್ಚಿದೆವು. ಮೀಟರಿನಲ್ಲಿ ಆರು ವೋಲ್ಟು. ಅಲ್ಲಿಂದ ಮೇಲೆ ಏರಲಿಲ್ಲ. ಹಿಟ್ಟಿನ ಕೈಯಲ್ಲಿ ಸುತ್ತ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪ್ಲಸ್ ಯಾವದಕ್ಕ ಹಚ್ಚಿದ್ರಿ?" ಕಾಕಾ ಕೇಳಿದರು.

"ಕೆಂಪ ವೈರಿಗೆ."

"ಎರಡೂ ಧೂಳಾಗಿ ಒಂದ ಬಣ್ಣ ಕಾಣಾಕತ್ತಾವು. ಒರಸಿ ನೋಡ್ರಿ."

ಇಂಜಿನ್ ನಿಲ್ಲಿಸಿ ಸೆರಗಿನಿಂದ ಒರೆಸಿದೆ. ನಾನು ಕೆಂಪೆಂದುಕೊಂಡದ್ದು ಕಂದು ಬಣ್ಣಕ್ಕೆ ತಿರುಗಿದ ಕಪ್ಪು ತಂತಿ. ಉಲ್ಟಾ ತುಂಬಿದ್ದೆ. ಮತ್ತೆ ಬಿಚ್ಚಿ, ಬದಲಿಸಿ ತಾಗಿಸಿದೆ. ಒಂದು, ಎರಡು, ಮೂರು. ತಂತಿಗಳನ್ನು ಸೇರಿಸಿದ ಮೇಲೆ ನಾದಿನಿ ಇಂಜಿನ್ ಹಚ್ಚಿದಳು. ಅಂಕಿಗಳು ಓದಲಿಕ್ಕಾಗದಷ್ಟು ಬೇಗ ಏರಿ ಇನ್ನೂರಾ ಇಪ್ಪತ್ತೊಂಬತ್ತರಲ್ಲಿ ನಿಂತವು. ಛತ್ತಿನ ದೀಪ ಹತ್ತಿತು.

ಒಬ್ಬ ಹೆಂಗಸು "ಬಂತು ನೋಡ್ರಿ" ಎಂದು ಮೆಲ್ಲಗೆ ಹೇಳಿ ಓಡಿಹೋಗಿ ನಾದುವ ಯಂತ್ರಕ್ಕೆ ಹಿಟ್ಟು ಸುರಿದಳು. ನಾನು ಅಲ್ಲೇ ಮೂಟೆಯ ಮೇಲೆ ಕುಳಿತುಬಿಟ್ಟೆ. ಫೋನಿನಲ್ಲಿ ಕಾಕಾ ಅತ್ತೆಗೆ, "ತಿಂಗಳಿಗೊಮ್ಮೆ ಹತ್ತ ನಿಮಿಷ ಓಡಸಾಕ ಹೇಳ್ರಿ ಮಗಳಿಗೆ" ಎನ್ನುತ್ತಿದ್ದರು.

ಐದು ಗಂಟೆಗೆ ರೊಟ್ಟಿಯ ಕಟ್ಟುಗಳು ಟೆಂಪೊದಲ್ಲಿ ಮಾಗಡಿಗೆ ಹೋದವು. ನಾವು ಗದಗಿನ ಬಸ್ ಹತ್ತಿದೆವು. ಬ್ಯಾಟರಿ ಹೇಗೆ ಕಬ್ಬಿಣವನ್ನು ಎಬ್ಬಿಸಿತು, ತಂತಿ ಉಲ್ಟಾ ಆದರೆ ಯಾಕೆ ಏರುವುದಿಲ್ಲ ಎಂದು ನಾನು ಅತ್ತೆಗೆ ಬಿಡಿಸಿ ಬಿಡಿಸಿ ಹೇಳುತ್ತ ಹೋದೆ. ಸೊರಟೂರು ಬರುವಷ್ಟರಲ್ಲಿ ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಈಚೆಯ ಸೀಟಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಉಳಿದದ್ದನ್ನು ಅವಳಿಗೆ ಹೇಳಿ ಮುಗಿಸಿದೆ.