ಕಾಗದ ಹಾಕಿ ಫೋನು ಮಾಡುವವನು

ಇಮೇಲ್ ಕಳಿಸಿದ ಮೇಲೆ ಫೋನು ಮಾಡಿ, ‘ಕಳಿಸಿದ್ದೇನೆ, ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ, ನೋಡಿ’ ಎಂದು ಹೇಳುವ ಮನುಷ್ಯ ಮಧುಗಿರಿಯಲ್ಲಿ ನಾನೊಬ್ಬನೇ ಇರಬೇಕು. ತಪ್ಪು ನನ್ನದೇ. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ, ನನ್ನ ಕಾಗದಪತ್ರ ಯಾವ ದೊಡ್ಡ ಕಂಪನಿಯ ಉಗ್ರಾಣದಲ್ಲೂ ಇರಬಾರದೆಂಬ ಹಟ ಹತ್ತಿತು. ಹಳೆಯ ಕಂಪ್ಯೂಟರೊಂದನ್ನು ಟಿವಿಯ ಕೆಳಗೆ ಕೂರಿಸಿ, ಸರ್ವರ್ ಮಾಡಿ, ಮನೆಯಲ್ಲೇ ಇಮೇಲಿನ ಅಂಚೆ ಕಚೇರಿ ತೆರೆದೆ. ಪೋಸ್ಟ್‌ಮಾಸ್ಟರೂ ನಾನೇ, ಪೋಸ್ಟ್‌ಮ್ಯಾನೂ ನಾನೇ.

ಬರುವ ಟಪಾಲು ಸಲೀಸಾಗಿ ಬರುತ್ತಿತ್ತು. ಹೋಗುವುದಕ್ಕೇ ತಕರಾರು. ಕಸದ ಟಪಾಲು ಕಳಿಸುವವರ ಕಪ್ಪುಪಟ್ಟಿ ಎಂಬುದೊಂದಿದೆ. ಅದರಲ್ಲಿರುವವರ ಕಾಗದವನ್ನು ದೊಡ್ಡ ಕಂಪನಿಗಳು ಸ್ಪ್ಯಾಮ್ ಎಂಬ ಕಸದಬುಟ್ಟಿಗೆ ಎಸೆಯುತ್ತವೆ. ನನ್ನ ಮನೆಯ ಇಂಟರ್‌ನೆಟ್ ವಿಳಾಸವೂ ಆ ಪಟ್ಟಿಗೆ ಸೇರಿಬಿಟ್ಟಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಲೈನಿಗೆ ಬೇರೆ ವಿಳಾಸ ಸಿಗುತ್ತದೆ. ಅದನ್ನು ಹಿಂದೆ ಬಳಸಿದ ಪುಣ್ಯಾತ್ಮ ಊರಿಗೆಲ್ಲ ‘ನಿಮಗೆ ಲಾಟರಿ ಹೊಡೆದಿದೆ’ ಎಂಬ ಸುಳ್ಳು ಟಪಾಲು ಹಂಚಿದ್ದರೆ ಆ ಪಾಪ ನನ್ನ ತಲೆಗೆ. ನಾನು ಮರ್ಯಾದಸ್ಥನೆಂದು ಅರ್ಜಿ ಹಾಕಿ ಹೆಸರು ತೆಗೆಸುವಷ್ಟರಲ್ಲಿ ಮತ್ತೆ ಕರೆಂಟು ಹೋಗುತ್ತಿತ್ತು. ಹಾಗಾಗಿ ಈ ಫೋನು. ಫೋನು ಮಾಡುವುದೇ ಆದರೆ ಆ ಪೆಟ್ಟಿಗೆ ಯಾಕೆಂದು ಹೆಂಡತಿ ಕೇಳಿದ್ದಕ್ಕೆ ಸ್ವಾತಂತ್ರ್ಯದ ಬಗ್ಗೆ ಉದ್ದದ ಭಾಷಣ ಬಿಗಿದೆ.

ಫೋನು ಮಾಡಲಾಗದ ಕಾಗದವೂ ಒಂದಿತ್ತು. ಬುಕ್ಕಾಪಟ್ಟಣದ ರಂಗಪ್ಪ ಮೂವತ್ತು ವರ್ಷ ನನ್ನ ಜೊತೆ ಪಾಠ ಮಾಡಿದವನು. ಅವನ ಬೀಳ್ಕೊಡುಗೆಯ ದಿನ, ಜನರನ್ನು ನಗಿಸುವ ಹುರುಪಿನಲ್ಲಿ, ಅವನು ಕ್ಲಾಸಿನಲ್ಲಿ ತೂಕಡಿಸುತ್ತಿದ್ದುದನ್ನು ಅವನ ಹೆಂಡತಿ ಮಕ್ಕಳೆದುರೇ ಅಭಿನಯಿಸಿ ತೋರಿಸಿದೆ. ಎಲ್ಲರೂ ನಕ್ಕರು. ಅವನು ಕೊರಳ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಎದ್ದುಹೋದ. ಕ್ಷಮೆ ಕೇಳಿ ಎರಡು ಪುಟ ಬರೆದು ಇಮೇಲ್ ಕಳಿಸಿದೆ. ‘ಕ್ಷಮೆ ಕೇಳಿದ್ದೇನೆ, ಸ್ಪ್ಯಾಮ್‌ನಲ್ಲಿ ನೋಡು’ ಎಂದು ಯಾವ ಬಾಯಲ್ಲಿ ಹೇಳಲಿ? ಉತ್ತರ ಬರಲಿಲ್ಲ. ಇಷ್ಟೊಂದು ಬಿಗುಮಾನವೇ ಎಂದು ಎರಡು ವರ್ಷ ಅವನ ಮೇಲೇ ಮುನಿಸಿಕೊಂಡು ಕೂತೆ.

ಮೊನ್ನೆ ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಗೊರವನಹಳ್ಳಿ ಬಸ್ಸಿಗೆ ಕಾಯುತ್ತಿದ್ದ. ಸೊರಗಿದ್ದ.

“ಒಂದ್ ಮಾತು ಬರೀಬೋದಾಗಿತ್ತು ಕಣ್ಲಾ ನೀನು,” ಅಂದ.

ಬರೆದಿದ್ದೆ, ಸ್ಪ್ಯಾಮ್‌ಗೆ ಹೋಗಿರಬೇಕು ಎಂದೆ. ಅವನು ನನ್ನ ಮುಖವನ್ನೇ ನೋಡಿದ.

“ಅದ್ರಾಗೆ ಬಿದ್ದಿದ್ದು ತಿಂಗ್ಳಿಗೆಲ್ಲ ಅಳಿಸೋಯ್ತದೆ. ಏನ್ ಬರ್ದಿದ್ದೆ? ಈಗ್ಲೇ ಹೇಳ್ಬುಡು.”

ಅಷ್ಟರಲ್ಲಿ ಬಸ್ಸು ಬಂತು. “ಇನ್ನೊಂದ್ಸಲ ಕಳಿಸ್ತೀನಿ ಬುಡು,” ಎಂದೆ. ಆಯಿತೆಂದು ತಲೆಯಾಡಿಸಿ ಹತ್ತಿಕೊಂಡ.

ಆ ಎರಡು ಪುಟದಲ್ಲಿದ್ದದ್ದು ‘ತಪ್ಪಾಯ್ತು’ ಎಂಬ ಒಂದೇ ಮಾತು. ಬಸ್ ಸ್ಟ್ಯಾಂಡಿನಲ್ಲಿ ಅದಕ್ಕೆ ಅಡ್ಡ ನಿಲ್ಲಲು ಯಾವ ಕಂಪನಿಯೂ ಇರಲಿಲ್ಲ, ಯಾವ ಪಟ್ಟಿಯೂ ಇರಲಿಲ್ಲ. ಗಂಟಲವರೆಗೆ ಬಂದದ್ದನ್ನು ವಾಪಸು ಕಳಿಸಿದವನು ನಾನೇ.